ನರಮಂಡಲದ ರಚನೆ ಮತ್ತು ವಿಭಾಗಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಶಾಲೆ ಕಾಲೇಜುಗಳಲ್ಲಿ, ಬಡಾವಣೆಗಳ ಹಿರಿಯ ನಾಗರಿಕರ ಕೂಟಗಳಲ್ಲಿ ನರಮಂಡಲದ ಬಗ್ಗೆ ಮಾತು ಬಂದಾಗಲೆಲ್ಲ ಕೆಲವು ಪ್ರಶ್ನೆಗಳು ತಪ್ಪದೆ ಎದುರಾಗುತ್ತವೆ. ಆಮೇಲೆ ಬರುವ ಪತ್ರಗಳಲ್ಲೂ ಅವೇ ಇರುತ್ತವೆ. ಅವುಗಳನ್ನು ಕೇಳಿದವರ ಮಾತಿನಲ್ಲೇ ಉಳಿಸಿಕೊಂಡು, ಸುಲಭವಾದವು ಮೊದಲು, ತೊಡಕಿನವು ಆಮೇಲೆ ಬರುವಂತೆ ಇಲ್ಲಿ ಜೋಡಿಸಲಾಗಿದೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಿಕೊಳ್ಳಬಹುದು. ಇದು ವಿಷಯ ತಿಳಿಸುವ ಬರಹವೇ ಹೊರತು ಚಿಕಿತ್ಸೆಯ ಸಲಹೆಯಲ್ಲ.

## ಮೊದಲ ಪರಿಚಯ

ಒಂದು ಪುಸ್ತಕದಲ್ಲಿ ನರಮಂಡಲಕ್ಕೆ ಎರಡು ಭಾಗ ಅಂತಿದೆ, ಇನ್ನೊಂದರಲ್ಲಿ ಮೂರು ಅಂತಿದೆ. ಯಾವುದು ಸರಿ?

ಎರಡೂ ಸರಿ, ಏಕೆಂದರೆ ಅವು ಒಂದೇ ಪ್ರಶ್ನೆಗೆ ಕೊಟ್ಟ ಉತ್ತರಗಳಲ್ಲ. ಯಾವ ಭಾಗ ಎಲ್ಲಿದೆ ಎಂದು ಕೇಳಿದರೆ ವಿಭಾಗಗಳು ಎರಡು: ತಲೆಬುರುಡೆ ಮತ್ತು ಬೆನ್ನುಮೂಳೆಯೊಳಗೆ ಭದ್ರವಾಗಿರುವ ಮೆದುಳು ಮತ್ತು ಬೆನ್ನುಹುರಿ ಸೇರಿದರೆ ಕೇಂದ್ರ ನರಮಂಡಲ; ಅಲ್ಲಿಂದ ಹೊರಟು ಚರ್ಮ, ಸ್ನಾಯು ಮತ್ತು ಒಳಾಂಗಗಳನ್ನು ಮುಟ್ಟುವ 12 ಜೋಡಿ ಕಪಾಲ ನರಗಳು, 31 ಜೋಡಿ ಬೆನ್ನುಹುರಿ ನರಗಳು ಮತ್ತು ನರಕೋಶಗಳು ಗುಂಪುಗೂಡಿರುವ ಅವುಗಳ ನರಗಂಟುಗಳು ಸೇರಿದರೆ ಪರಿಧಿ ನರಮಂಡಲ. ಸಂದೇಶ ಯಾವ ಕಡೆಗೆ ಹೋಗುತ್ತಿದೆ ಎಂದು ಕೇಳಿದರೆ ಒಳಕ್ಕೆ ಸುದ್ದಿ ತರುವ ಸಂವೇದನಾ ತಂತುಗಳು, ಹೊರಕ್ಕೆ ಆಜ್ಞೆ ಒಯ್ಯುವ ಚಾಲಕ ತಂತುಗಳು ಎಂದು ಬೇರೆಯದೇ ವಿಂಗಡಣೆ ಬರುತ್ತದೆ. ಕೆಲಸ ನಮ್ಮ ಇಚ್ಛೆಗೆ ಒಳಪಟ್ಟಿದೆಯೇ ಎಂದು ಕೇಳಿದರೆ ಕೈಕಾಲುಗಳ ಸ್ನಾಯುಗಳನ್ನು ನಡೆಸುವ ಕಾಯಿಕ ಭಾಗ ಒಂದು, ಹೃದಯ, ಕರುಳು, ಬೆವರಿನ ಗ್ರಂಥಿಗಳಂಥವನ್ನು ನೋಡಿಕೊಳ್ಳುವ ಸ್ವಾಯತ್ತ ಭಾಗ ಇನ್ನೊಂದು. ಈ ಸ್ವಾಯತ್ತ ಭಾಗವನ್ನು ಕೇಂದ್ರ, ಪರಿಧಿಗಳ ಜೊತೆಗೆ ಬೇರೆಯಾಗಿ ಎಣಿಸುವ ಪುಸ್ತಕದಲ್ಲಿ ವಿಭಾಗಗಳು ಮೂರಾಗುತ್ತವೆ.

ಬೆಂಗಳೂರಿನ ಜಯನಗರ ಬಡಾವಣೆಯನ್ನು ಅಂಚೆಯವರು ಪಿನ್‌ಕೋಡ್ ಪ್ರಕಾರ, ಚುನಾವಣೆಯವರು ಕ್ಷೇತ್ರದ ಪ್ರಕಾರ, ಬೆಸ್ಕಾಂನವರು ತಮ್ಮ ಉಪವಿಭಾಗದ ಪ್ರಕಾರ ಗೆರೆ ಎಳೆದು ಹಂಚಿಕೊಂಡಿರುವ ಹಾಗೆ, ಒಂದೇ ನರಮಂಡಲದ ಮೇಲೆ ಹಲವು ನಕಾಶೆಗಳಿವೆ. ಪಠ್ಯಗಳಲ್ಲಿ ಕಾಣುವ ಕವಲೊಡೆದ ಮರದ ಚಿತ್ರವು ಈ ಎಲ್ಲ ನಕಾಶೆಗಳನ್ನು ಒಂದರ ಕೆಳಗೆ ಒಂದರಂತೆ ತೂಗುಹಾಕಿಬಿಡುತ್ತದೆ. ಗೊಂದಲದ ಮೂಲ ಅದೇ ಎಂದು ನನ್ನ ಅನಿಸಿಕೆ. ಸ್ವಾಯತ್ತ ನರಮಂಡಲವನ್ನು ಆ ಚಿತ್ರ ಪರಿಧಿಯ ಕೊಂಬೆಗೆ ಮಾತ್ರ ಕಟ್ಟಿಹಾಕುತ್ತದೆ. ಆದರೆ ಅದರ ಮೇಲ್ವಿಚಾರಣೆ ನಡೆಸುವ ಹೈಪೊಥಲಾಮಸ್ ಇರುವುದು ಮೆದುಳಿನ ನಟ್ಟನಡುವೆ.

ನರ, ನರಕೋಶ ಎರಡೂ ಒಂದೇನಾ? ಒಂದು ನರಕೋಶ ಎಷ್ಟು ಉದ್ದ ಇರತ್ತೆ?

ಒಂದೇ ಅಲ್ಲ. ನರಕೋಶವೆಂದರೆ ಒಂದು ಜೀವಕೋಶ. ಅದಕ್ಕೊಂದು ಒಡಲು, ಸಂದೇಶ ಸ್ವೀಕರಿಸುವ ಡೆಂಡ್ರೈಟ್ ಎಂಬ ಕವಲುಗಳು ಮತ್ತು ಸಂದೇಶ ಸಾಗಿಸುವ ಆಕ್ಸಾನ್ ಎಂಬ ಒಂದು ಉದ್ದನೆಯ ಎಳೆ ಇರುತ್ತವೆ. ಇಂಥ ಸಾವಿರಾರು ಎಳೆಗಳು ಹೊದಿಕೆಯೊಳಗೆ ಕಟ್ಟಾಗಿ, ರಕ್ತನಾಳಗಳನ್ನೂ ಜೊತೆಗಿಟ್ಟುಕೊಂಡು ದೇಹದಲ್ಲಿ ಹರಿದಾಗ ಅದನ್ನು ನರ ಎನ್ನುತ್ತೇವೆ. ಕಾಲ್ಬೆರಳಿನ ಸ್ನಾಯುವನ್ನು ನಡೆಸುವ ನರಕೋಶದ ಒಡಲು ಬೆನ್ನುಹುರಿಯ ಕೆಳತುದಿಯಲ್ಲಿದ್ದು, ಅದರ ಎಳೆ ಪಾದದವರೆಗೆ ಸುಮಾರು ಒಂದು ಮೀಟರ್ ಇಳಿದಿರುತ್ತದೆ. ಮೆದುಳಿನೊಳಗಿನ ಅನೇಕ ನರಕೋಶಗಳ ಎಳೆಗಳಾದರೋ ಒಂದು ಮಿಲಿಮೀಟರ್ ಕೂಡ ಮುಟ್ಟುವುದಿಲ್ಲ.

ಇಡೀ ನರಮಂಡಲವು ಬಿಡಿ ಕೋಶಗಳಿಂದ ಆದದ್ದೋ ಅಥವಾ ಎಡೆಬಿಡದ ಒಂದೇ ಬಲೆಯೋ ಎಂಬ ಜಗಳ 19ನೇ ಶತಮಾನದ ಕೊನೆಯಲ್ಲಿ ಜೋರಾಗಿತ್ತು. ಇಟಲಿಯ ಕ್ಯಾಮಿಲ್ಲೊ ಗಾಲ್ಗಿ 1873ರಲ್ಲಿ ಪ್ರಕಟಿಸಿದ ಬೆಳ್ಳಿ ಲವಣದ ಬಣ್ಣಗಟ್ಟುವ ವಿಧಾನವನ್ನೇ ಬಳಸಿ, ಸ್ಪೇನಿನ ಸ್ಯಾಂಟಿಯಾಗೊ ರಾಮೊನ್ ಇ ಕಹಾಲ್ ಅವು ಬಿಡಿ ಕೋಶಗಳೆಂದು ವಾದಿಸಿದರು. 1906ರ ನೊಬೆಲ್ ಬಹುಮಾನ ಇಬ್ಬರಿಗೂ ಹಂಚಿಹೋಯಿತು. ಗಾಲ್ಗಿ ತಮ್ಮ ನೊಬೆಲ್ ಭಾಷಣದಲ್ಲೂ ಕಹಾಲರ ವಾದವನ್ನು ಒಪ್ಪಲಿಲ್ಲ. ಕಾಲ ಒಪ್ಪಿದ್ದು ಕಹಾಲರನ್ನು.

ಕಾಲಲ್ಲಿ ನೀಲಿ ನರ ಉಬ್ಬಿಕೊಂಡಿದೆ. ನರರೋಗ ತಜ್ಞರನ್ನ ನೋಡ್ಬೇಕಾ?

ಬೇಡ. ಚರ್ಮದಡಿ ನೀಲಿಯಾಗಿ ಕಾಣುವುದು, ರಕ್ತ ತೆಗೆಯುವಾಗ ಹುಡುಕುವುದು ಅಭಿಧಮನಿ, ಅಂದರೆ ರಕ್ತನಾಳ. ಅದು ಉಬ್ಬಿ ಸುರುಳಿಯಾಗಿದ್ದರೆ ಶಸ್ತ್ರಚಿಕಿತ್ಸಕರನ್ನು, ಸಾಧ್ಯವಾದರೆ ರಕ್ತನಾಳಗಳ ಶಸ್ತ್ರಚಿಕಿತ್ಸಕರನ್ನು ಕಾಣಬೇಕು.

ಬೆನ್ನುಹುರಿ ಸೊಂಟದ ತುದಿವರೆಗೂ ಇರತ್ತಾ? ಸಿಸೇರಿಯನ್‌ಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ರೆ ಹುರಿಗೇ ಚುಚ್ಚಿದ ಹಾಗಲ್ವಾ?

ಹೆಂಗಸರ ಗುಂಪಿನಲ್ಲಿ ಈ ಪ್ರಶ್ನೆ ಬಾರದೆ ಇದ್ದದ್ದಿಲ್ಲ. ಭ್ರೂಣಕ್ಕೆ ಮೂರು ತಿಂಗಳಾಗುವ ಹೊತ್ತಿಗೆ ಬೆನ್ನುಹುರಿಯೂ ಬೆನ್ನುಮೂಳೆಯ ಕಾಲುವೆಯೂ ಒಂದೇ ಉದ್ದ ಇರುತ್ತವೆ. ಆಮೇಲೆ ಮೂಳೆ ಬೇಗ ಬೇಗ ಬೆಳೆಯುತ್ತದೆ, ಹುರಿ ಹಿಂದುಳಿಯುತ್ತದೆ. ಹೀಗಾಗಿ ವಯಸ್ಕರಲ್ಲಿ ಸುಮಾರು 42ರಿಂದ 45 ಸೆಂಟಿಮೀಟರ್ ಉದ್ದದ ಬೆನ್ನುಹುರಿಯು ಸೊಂಟದ ಒಂದನೆಯ ಅಥವಾ ಎರಡನೆಯ ಕಶೇರುಕದ (ಬೆನ್ನುಮೂಳೆಯ ಬಿಡಿ ಎಲುಬಿನ) ಹತ್ತಿರವೇ ಮುಗಿದುಹೋಗುತ್ತದೆ. ಅದರ ಕೆಳಗೆ ಕಾಲುವೆಯಲ್ಲಿ ಉಳಿಯುವುದು, ಇನ್ನೂ ಕೆಳಗಿನ ಕಿಂಡಿಗಳಿಂದ ಹೊರಬೀಳಬೇಕಾದ ನರಬೇರುಗಳ ಜೊಂಪೆ. ಅದು ಕುದುರೆಯ ಬಾಲದಂತೆ ಕಾಣುವುದರಿಂದ ಅಂಗರಚನಾಶಾಸ್ತ್ರದಲ್ಲಿ ಅದಕ್ಕೆ ಅದೇ ಹೆಸರಿದೆ.

ಅರಿವಳಿಕೆ ತಜ್ಞರು ನಿಮ್ಮ ಸೊಂಟದ ಎರಡೂ ಬದಿಯ ಮೂಳೆಯ ಏಣನ್ನು ಬೆರಳಿನಿಂದ ಒತ್ತಿ ನೋಡುವುದು ಇದಕ್ಕಾಗಿಯೇ. ಆ ಎರಡು ಏಣುಗಳನ್ನು ಸೇರಿಸುವ ಗೆರೆ ಸೊಂಟದ ನಾಲ್ಕನೆಯ ಕಶೇರುಕದ ಮಟ್ಟದಲ್ಲಿ ಹಾದುಹೋಗುತ್ತದೆ. ಅದರ ಮೇಲಿನ ಅಥವಾ ಕೆಳಗಿನ ಸಂದಿಯಲ್ಲಿ ಸೂಜಿ ಇಳಿಸಿದರೆ ಅಲ್ಲಿ ಹುರಿಯೇ ಇರುವುದಿಲ್ಲ. ದ್ರವದಲ್ಲಿ ತೇಲುವ ನರಬೇರುಗಳು ಸೂಜಿ ಬಂದರೆ ಬದಿಗೆ ಸರಿದುಕೊಳ್ಳುತ್ತವೆ. ಚುಚ್ಚಿದ ರಂಧ್ರದಿಂದ ದ್ರವ ಜಿನುಗಿ ಕೆಲವರಿಗೆ ಕೆಲವು ದಿನ ತಲೆನೋವು ಬರುವುದುಂಟು. ಹೆರಿಗೆಯಾಗಿ ವರ್ಷಗಳ ನಂತರ ಕಾಡುವ ಬೆನ್ನುನೋವನ್ನು ಆ ಇಂಜೆಕ್ಷನ್ನಿನ ತಲೆಗೆ ಕಟ್ಟುವುದು ಮಾತ್ರ ನ್ಯಾಯವಲ್ಲ.

ಮೆದುಳಲ್ಲಿ ಮುಖ್ಯ ಭಾಗಗಳು ಯಾವುವು? ಚಿಕ್ಕದಾಗಿ ಹೇಳಿ.

ಭ್ರೂಣದಲ್ಲಿ ಮೆದುಳು ಮೂರು ಉಬ್ಬುಗಳಾಗಿ ಮೂಡುತ್ತದೆ: ಮುಮ್ಮೆದುಳು, ನಡುಮೆದುಳು, ಹಿಮ್ಮೆದುಳು. ಮುಮ್ಮೆದುಳಿನಿಂದ ಎರಡು ಗೋಳಾರ್ಧಗಳ ಮಹಾಮಸ್ತಿಷ್ಕ, ಥಲಾಮಸ್ ಮತ್ತು ಹೈಪೊಥಲಾಮಸ್ ಆಗುತ್ತವೆ. ಹಿಮ್ಮೆದುಳಿನಿಂದ ಪಾನ್ಸ್, ಮೆಡುಲ್ಲಾ ಮತ್ತು ತಲೆಯ ಹಿಂಬದಿಯ ಕಿರುಮೆದುಳು ಆಗುತ್ತವೆ. ನಡುಮೆದುಳು, ಪಾನ್ಸ್ ಮತ್ತು ಮೆಡುಲ್ಲಾ ಸೇರಿದ್ದು ಮೆದುಳುಕಾಂಡ. ಉಸಿರಾಟದ ಲಯ ಹುಟ್ಟುವುದು ಇಲ್ಲಿ. ಸುಮಾರು 1.3ರಿಂದ 1.4 ಕಿಲೋಗ್ರಾಂ ತೂಗುವ ವಯಸ್ಕರ ಮೆದುಳಿನಲ್ಲಿ ಅಂದಾಜು 8,600 ಕೋಟಿ ನರಕೋಶಗಳಿವೆ. ಅಚ್ಚರಿಯೆಂದರೆ ಅವುಗಳಲ್ಲಿ ಸುಮಾರು 6,900 ಕೋಟಿ ಇರುವುದು, ತೂಕದಲ್ಲಿ ಹತ್ತನೆಯ ಒಂದು ಪಾಲಷ್ಟೇ ಇರುವ ಕಿರುಮೆದುಳಿನಲ್ಲಿ. ಕೋಶಗಳ ಎಣಿಕೆಯಿಂದ ಬುದ್ಧಿಯನ್ನು ಅಳೆಯಹೊರಡುವವರು ಈ ಅಂಕಿಯನ್ನು ಒಮ್ಮೆ ನೋಡಬೇಕು.

ನಿಜವಾದ ಮೆದುಳನ್ನ ಮಕ್ಕಳಿಗೆ ತೋರಿಸೋಕೆ ಬೆಂಗಳೂರಲ್ಲಿ ಎಲ್ಲಾದ್ರೂ ಆಗತ್ತಾ?

ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ನರರೋಗ ಲಕ್ಷಣಶಾಸ್ತ್ರ ವಿಭಾಗದ ಮೆದುಳಿನ ವಸ್ತುಸಂಗ್ರಹಾಲಯವಿದೆ. ದಾನವಾಗಿ ಬಂದ ಮೆದುಳುಗಳನ್ನು ಸಂಶೋಧನೆಗಾಗಿ ಕಾಯ್ದಿಡುವ ಮೆದುಳು ಬ್ಯಾಂಕ್ ಕೂಡ ಅಲ್ಲಿ 1995ರಿಂದ ಇದೆ. ಹೋಗುವ ಮೊದಲು ಸಂಸ್ಥೆಯಲ್ಲಿ ವಿಚಾರಿಸಿಕೊಂಡು ಸಮಯ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.

## ದಿನನಿತ್ಯದ ಅನುಭವದಿಂದ ಬಂದವು

ಸರ್ಪಸುತ್ತು ಮೈಯ ಒಂದೇ ಪಕ್ಕ ಯಾಕೆ ಬರತ್ತೆ? ಪೂರ್ತಿ ಸುತ್ತಿದ್ರೆ ಜೀವ ಹೋಗತ್ತೆ ಅಂತಾರಲ್ಲ, ನಿಜಾನಾ?

ಪರಿಧಿ ನರಮಂಡಲ ಹೇಗೆ ಹಂಚಿಕೊಂಡಿದೆ ಎಂಬುದನ್ನು ಚರ್ಮದ ಮೇಲೆಯೇ ಬರೆದು ತೋರಿಸುವ ಕಾಯಿಲೆ ಇದು. ಬಾಲ್ಯದಲ್ಲಿ ಸೀತಾಳೆ ಸಿಡುಬು ತಂದ ವೈರಸ್ಸು ವಾಸಿಯಾದ ಮೇಲೂ ದೇಹವನ್ನು ಬಿಟ್ಟುಹೋಗುವುದಿಲ್ಲ. ಸಂವೇದನಾ ನರಕೋಶಗಳ ಒಡಲುಗಳಿರುವ, ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ಅಡಗಿ ಕೂರುತ್ತದೆ. ವಯಸ್ಸಿನಿಂದಲೋ ಬೇರೆ ಕಾರಣದಿಂದಲೋ ರೋಗನಿರೋಧಕ ಶಕ್ತಿ ತಗ್ಗಿದಾಗ ಯಾವುದೋ ಒಂದು ಗಂಟಿನಲ್ಲಿ ಎಚ್ಚೆತ್ತು, ಆ ಗಂಟಿನ ನರದ ಎಳೆಗಳಗುಂಟ ಚರ್ಮಕ್ಕೆ ಇಳಿಯುತ್ತದೆ.

ಒಂದೊಂದು ಬೆನ್ನುಹುರಿ ನರಕ್ಕೂ ಚರ್ಮದಲ್ಲಿ ಒಂದೊಂದು ಪಟ್ಟಿ ಮೀಸಲಾಗಿದೆ. ಎದೆಯ ನಾಲ್ಕನೆಯ ನರದ ಪಟ್ಟಿ ಮೊಲೆತೊಟ್ಟಿನ ಮಟ್ಟದಲ್ಲಿ, ಹತ್ತನೆಯದು ಹೊಕ್ಕುಳ ಮಟ್ಟದಲ್ಲಿ ಹಾಯುತ್ತದೆ. ಈ ನರಗಳು ಜೋಡಿಯಾಗಿದ್ದು ಎಡದ್ದು ಎಡಪಕ್ಕಕ್ಕೆ, ಬಲದ್ದು ಬಲಪಕ್ಕಕ್ಕೆ ಸೇರಿದ್ದರಿಂದ ಗುಳ್ಳೆಗಳ ಸಾಲು ಬೆನ್ನಿನ ನಡುಗೆರೆಯಲ್ಲಿ ಹುಟ್ಟಿ, ಪಕ್ಕೆಯನ್ನು ಬಳಸಿ, ಹೊಟ್ಟೆಯ ನಡುಗೆರೆಗೆ ಬಂದು ನಿಂತುಬಿಡುತ್ತದೆ. ಹೆನ್ರಿ ಹೆಡ್ ಮತ್ತು ಕ್ಯಾಂಪ್‌ಬೆಲ್ ಎಂಬ ಇಂಗ್ಲೆಂಡಿನ ವೈದ್ಯರು 1900ರಲ್ಲಿ ಈ ಪಟ್ಟಿಗಳ ನಕ್ಷೆ ತಯಾರಿಸಿದ್ದು ಸರ್ಪಸುತ್ತಿನ ರೋಗಿಗಳನ್ನು ನೋಡಿಯೇ.

ಪೂರ್ತಿ ಸುತ್ತಿದರೆ ಸಾವು ಎಂಬ ಮಾತಿಗೆ ಆಧಾರವಿಲ್ಲ. ಹಾಗೆ ಎರಡೂ ಪಕ್ಕ ಅಥವಾ ಹಲವು ಪಟ್ಟಿಗಳಲ್ಲಿ ಬಂದರೆ ರೋಗನಿರೋಧಕ ಶಕ್ತಿ ಏಕೆ ಕುಸಿದಿದೆ ಎಂದು ವೈದ್ಯರು ವಿಚಾರಿಸುತ್ತಾರೆ, ಅಷ್ಟೆ. ನಿಜವಾಗಿ ಹೆದರಬೇಕಾದ ಜಾಗ ಬೇರೆ ಇದೆ: ಹಣೆಯ ಮೇಲೆ, ಮೂಗಿನ ತುದಿಯಲ್ಲಿ ಗುಳ್ಳೆ ಎದ್ದರೆ ಅದೇ ನರದ ಕವಲು ಕಣ್ಣಿಗೂ ಹೋಗುವುದರಿಂದ ದೃಷ್ಟಿಗೆ ಅಪಾಯವಿದೆ. ವೈರಸ್ ನಿಗ್ರಹಿಸುವ ಮಾತ್ರೆಗಳು ಗುಳ್ಳೆ ಎದ್ದ 72 ಗಂಟೆಗಳೊಳಗೆ ಶುರುವಾದರೆ ಹೆಚ್ಚು ಫಲ ಕೊಡುತ್ತವೆ. ಆ ಅಮೂಲ್ಯ ಸಮಯ ಎಷ್ಟೋ ಮನೆಗಳಲ್ಲಿ ಲೇಪ ಹಚ್ಚುವುದರಲ್ಲೇ ಕಳೆದುಹೋಗುತ್ತದೆ.

ಬಿಸಿ ಕಾವಲಿ ತಾಗಿದ್ರೆ ಯೋಚನೆ ಮಾಡೋಕೂ ಮುಂಚೆ ಕೈ ಹಿಂದಕ್ಕೆ ಬರತ್ತಲ್ಲ, ಮೆದುಳಿಗೆ ಗೊತ್ತೇ ಆಗಲ್ವಾ?

ಗೊತ್ತಾಗುತ್ತದೆ, ಆದರೆ ತಡವಾಗಿ. ಕೈಯಿಂದ ಹೊರಟ ಸುದ್ದಿ ಹಿಂಬದಿಯ ಬೇರಿನ ಮೂಲಕ ಬೆನ್ನುಹುರಿಯನ್ನು ಹೊಕ್ಕು, ಅಲ್ಲೇ ನಡುವಿನ ನರಕೋಶಗಳನ್ನು ದಾಟಿ, ಮುಂಬದಿಯ ಬೇರಿನ ಚಾಲಕ ತಂತುಗಳ ಮೂಲಕ ತೋಳಿನ ಸ್ನಾಯುವಿಗೆ ಆಜ್ಞೆಯಾಗಿ ಮರಳುತ್ತದೆ. ಇದೇ ಪರಾವರ್ತಿತ ಕ್ರಿಯೆ. ಹಿಂಬದಿಯ ಬೇರು ಸಂವೇದನೆಗೆ, ಮುಂಬದಿಯ ಬೇರು ಚಲನೆಗೆ ಎಂಬ ವಿಂಗಡಣೆಯನ್ನು ಫ್ರಾನ್ಸಿನ ಮಜಾಂಡಿ 1822ರಲ್ಲಿ ಪ್ರಯೋಗದಿಂದ ತೋರಿಸಿದರು. ಅದೇ ಸುದ್ದಿಯ ಇನ್ನೊಂದು ಪ್ರತಿ ಮೆದುಳಿಗೆ ಏರಲು ದೂರದ ದಾರಿ ಹಿಡಿಯುತ್ತದೆ. ಉರಿಯನ್ನು ಒಯ್ಯುವ ಅತಿ ಸಣ್ಣ ಎಳೆಗಳಿಗೆ, ಸಂದೇಶದ ವೇಗ ಹೆಚ್ಚಿಸುವ ಮಯಲಿನ್ ಎಂಬ ಕೊಬ್ಬಿನ ಹೊದಿಕೆಯೂ ಇಲ್ಲ. ಅವುಗಳ ವೇಗ ಸೆಕೆಂಡಿಗೆ ಸುಮಾರು 0.5ರಿಂದ 2 ಮೀಟರ್, ದಪ್ಪ ಹೊದಿಕೆಯ ಎಳೆಗಳದ್ದಾದರೋ 120 ಮೀಟರ್‌ವರೆಗೆ. ಕೈ ಎಳೆದುಕೊಂಡಾದ ಮೇಲೆ ಉರಿ ನಿಧಾನವಾಗಿ ಏರುವುದು ಇದರಿಂದ.

ಊಟಕ್ಕೆ ಚಕ್ಕಳಮಕ್ಕಳ ಹಾಕಿ ಕೂತ್ರೆ ಕಾಲು ಜೋಮು ಹಿಡಿಯತ್ತೆ. ರಕ್ತ ನಿಂತೋಗಿರತ್ತಾ?

ಇಡೀ ಕಾಲಿಗೆ ರಕ್ತ ನಿಂತಿರುವುದಿಲ್ಲ. ಮೊಣಕಾಲಿನ ಹೊರಬದಿಯ ಸ್ವಲ್ಪ ಕೆಳಗೆ ಒಂದು ನರ ಮೂಳೆಗೆ ಅಂಟಿಕೊಂಡಂತೆ ಚರ್ಮದ ಕೆಳಗೇ ಹಾಯುತ್ತದೆ. ಅದರ ಮೇಲೆ ಭಾರ ಬಿದ್ದಾಗ ಆ ನರವೂ ಅದಕ್ಕೇ ಆಹಾರ ಒದಗಿಸುವ ಕಿರಿದಾದ ರಕ್ತನಾಳಗಳೂ ಒತ್ತಿಹೋಗಿ ಸಂದೇಶ ತಡೆಯುತ್ತದೆ. ಎದ್ದು ನಿಂತಾಗ ಚುಚ್ಚಿದಂತಾಗುವುದು, ಚೇತರಿಸಿಕೊಳ್ಳುತ್ತಿರುವ ಎಳೆಗಳು ಅಡ್ಡಾದಿಡ್ಡಿಯಾಗಿ ಸಂಕೇತ ಕಳಿಸುವುದರಿಂದ. ಗಂಟೆಗಟ್ಟಲೆ ಕುಕ್ಕರಗಾಲಿನಲ್ಲಿ ಕೆಲಸ ಮಾಡುವವರಲ್ಲಿ ಇದೇ ನರ ಹೆಚ್ಚು ಪೆಟ್ಟು ತಿಂದು, ಪಾದವನ್ನು ಮೇಲೆತ್ತಲಾಗದ ಸ್ಥಿತಿ ವಾರಗಟ್ಟಲೆ ಉಳಿಯುವುದೂ ಉಂಟು.

ಬಾಯಿ ಸೊಟ್ಟಗಾದ್ರೆ ಅದು ಪಾರ್ಶ್ವವಾಯುನಾ, ಬರೀ ಮುಖದ ನರದ ತೊಂದರೆನಾ ಅಂತ ಹೇಗೆ ಗೊತ್ತಾಗತ್ತೆ?

ಚಲನೆಯ ಆಜ್ಞೆಯನ್ನು ಮೆದುಳಿನಿಂದ ಒಯ್ಯುವ ಎಳೆಗಳಲ್ಲಿ ಬಹುಪಾಲು ಮೆಡುಲ್ಲಾದಲ್ಲಿ ಒಂದು ಬದಿಯಿಂದ ಇನ್ನೊಂದು ಬದಿಗೆ ದಾಟುತ್ತವೆ. ಆದ್ದರಿಂದ ಮೆದುಳಿನ ಬಲ ಗೋಳಾರ್ಧಕ್ಕೆ ರಕ್ತ ತಪ್ಪಿದರೆ ಎಡಗೈ, ಎಡಗಾಲು ಸೋಲುತ್ತವೆ. ಮುಖದಲ್ಲಿ ಒಂದು ವಿಶೇಷವಿದೆ: ಕೆನ್ನೆ ಮತ್ತು ತುಟಿಯ ಸ್ನಾಯುಗಳಿಗೆ ಆಜ್ಞೆ ಬರುವುದು ಮುಖ್ಯವಾಗಿ ಎದುರುಬದಿಯ ಗೋಳಾರ್ಧದಿಂದ; ಹಣೆಯ ಸ್ನಾಯುಗಳಿಗೆ ಎರಡೂ ಗೋಳಾರ್ಧಗಳಿಂದ. ಹೀಗಾಗಿ ತೊಂದರೆ ಗೋಳಾರ್ಧದಲ್ಲಿದ್ದರೆ ಬಾಯಿ ಸೊಟ್ಟಗಾದರೂ ಹಣೆ ಸುಕ್ಕುಗಟ್ಟಿಸಲು ಆಗುತ್ತದೆ. ಮೆದುಳುಕಾಂಡದಿಂದ ಹೊರಬಿದ್ದ ಏಳನೆಯ ಕಪಾಲ ನರವೇ ಕೆಟ್ಟಿದ್ದರೆ ಆ ಬದಿಯ ಹಣೆ, ಕಣ್ಣುರೆಪ್ಪೆ, ತುಟಿ ಮೂರೂ ಸೋಲುತ್ತವೆ, ಕಣ್ಣು ಮುಚ್ಚಲಾಗುವುದಿಲ್ಲ.

ಈ ಪರೀಕ್ಷೆಯನ್ನು ಮನೆಯಲ್ಲಿ ಮಾಡಿ ನಿಶ್ಚಿಂತೆಯಿಂದ ಕೂರಬಾರದು. ಮೆದುಳುಕಾಂಡದಲ್ಲೇ ಆದ ಪಾರ್ಶ್ವವಾಯು ಎರಡನೆಯ ಬಗೆಯಂತೆ ಕಾಣಬಹುದು. ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಎಷ್ಟು ಗಂಟೆಗೆ ಶುರುವಾಯಿತು ಎಂದು ಗುರುತಿಟ್ಟುಕೊಂಡು ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ನೇರವಾಗಿ ಹೋಗಬೇಕು. ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ಕೊಡುವುದು ಮೊದಲ ನಾಲ್ಕೂವರೆ ಗಂಟೆಗಳೊಳಗೆ. ಬೆಂಗಳೂರಿನ ಸಂಜೆಯ ಟ್ರಾಫಿಕ್ಕನ್ನೂ ಅದರಲ್ಲೇ ಕಳೆಯಬೇಕು.

ಕಣ್ಣಿನ ಆಸ್ಪತ್ರೇಲಿ ಡ್ರಾಪ್ಸ್ ಹಾಕಿದ ಮೇಲೆ ಬೆಳಕು ನೋಡೋಕಾಗಲ್ಲ, ಪೇಪರ್ ಓದೋಕಾಗಲ್ಲ. ನರಕ್ಕೆ ಏನು ಮಾಡ್ತಾರೆ?

ಸ್ವಾಯತ್ತ ನರಮಂಡಲದ ಒಂದು ಬಾಹುವನ್ನು ಕೆಲವು ಗಂಟೆ ತಡೆದಿಡುತ್ತಾರೆ. ಕಣ್ಣಿನ ಪಾಪೆಯನ್ನು ಕಿರಿದಾಗಿಸುವುದು ಮೂರನೆಯ ಕಪಾಲ ನರದಲ್ಲಿ ಬರುವ ಪ್ಯಾರಾಸಿಂಪಥೆಟಿಕ್ ಎಳೆಗಳು, ಹಿಗ್ಗಿಸುವುದು ಕುತ್ತಿಗೆಯ ಮೂಲಕ ಏರಿಬರುವ ಸಿಂಪಥೆಟಿಕ್ ಎಳೆಗಳು. ಟ್ರೋಪಿಕಮೈಡ್‌ನಂಥ ಹನಿ, ಪ್ಯಾರಾಸಿಂಪಥೆಟಿಕ್ ತುದಿಗಳು ಸುರಿಸುವ ಅಸಿಟೈಲ್‌ಕೋಲಿನ್ ಎಂಬ ಸಂದೇಶವಾಹಕ ರಾಸಾಯನಿಕ ಸ್ನಾಯುವನ್ನು ಮುಟ್ಟದಂತೆ ಅಡ್ಡ ನಿಲ್ಲುತ್ತದೆ. ಎದುರಾಳಿಯಿಲ್ಲದೆ ಪಾಪೆ ಹಿಗ್ಗುತ್ತದೆ. ಹತ್ತಿರದ ಅಕ್ಷರಕ್ಕೆ ಮಸೂರವನ್ನು ಹೊಂದಿಸುವ ಸ್ನಾಯುವೂ ಅದೇ ಎಳೆಗಳನ್ನು ನಂಬಿರುವುದರಿಂದ ಓದಲೂ ಆಗುವುದಿಲ್ಲ. ಸ್ಕೂಟರಿನಲ್ಲಿ ಒಬ್ಬರೇ ಬಂದವರು ಆಟೋ ಹಿಡಿಯುವುದು ಲೇಸು.

ಸಿಂಪಥೆಟಿಕ್ ಎಂದರೆ ಓಟ, ಪ್ಯಾರಾಸಿಂಪಥೆಟಿಕ್ ಎಂದರೆ ವಿಶ್ರಾಂತಿ ಎಂಬ ಬಾಯಿಪಾಠ ಸ್ವಲ್ಪ ದೂರ ಮಾತ್ರ ಬರುತ್ತದೆ. ಎರಡೂ ಸದಾ ಕೆಲಸದಲ್ಲಿರುತ್ತವೆ, ಬದಲಾಗುವುದು ಪ್ರಮಾಣ. ಬೆವರಿನ ಗ್ರಂಥಿಗಳಿಗೆ ಸಿಂಪಥೆಟಿಕ್ ಒಂದೇ ದಿಕ್ಕು, ಅದೂ ಅಸಿಟೈಲ್‌ಕೋಲಿನ್ ಮೂಲಕ. ಜೊಲ್ಲುಗ್ರಂಥಿಯನ್ನಂತೂ ಎರಡೂ ಪ್ರಚೋದಿಸುತ್ತವೆ.

## ಇನ್ನಷ್ಟು ಆಳಕ್ಕೆ

ಹೊಟ್ಟೆಯಲ್ಲಿ ಎರಡನೇ ಮೆದುಳಿದೆ ಅಂತ ವಾಟ್ಸಾಪ್‌ನಲ್ಲಿ ಬಂತು. ಎಷ್ಟು ನಿಜ?

ಅನ್ನನಾಳದಿಂದ ಗುದದವರೆಗೆ ಕರುಳಿನ ಗೋಡೆಯಲ್ಲಿ ಎರಡು ಪದರಗಳಾಗಿ ಹರಡಿದ ನರಜಾಲವಿದೆ. ಅದರಲ್ಲಿ ಹತ್ತು ಕೋಟಿಗಿಂತ ಹೆಚ್ಚು ನರಕೋಶಗಳಿವೆ. ಮೆದುಳಿನ ಸಂಪರ್ಕ ಕತ್ತರಿಸಿದರೂ ಕರುಳು ಆಹಾರವನ್ನು ಮುಂದಕ್ಕೆ ತಳ್ಳುತ್ತಲೇ ಇರುವುದನ್ನು ಇಂಗ್ಲೆಂಡಿನ ಶರೀರಕ್ರಿಯಾ ವಿಜ್ಞಾನಿಗಳಾದ ಬೇಲಿಸ್ ಮತ್ತು ಸ್ಟಾರ್ಲಿಂಗ್ 1899ರಲ್ಲಿ ತೋರಿಸಿದ್ದರು. ಸ್ವಾಯತ್ತ ನರಮಂಡಲಕ್ಕೆ ಹೆಸರಿಟ್ಟ ಕೇಂಬ್ರಿಡ್ಜಿನ ಲ್ಯಾಂಗ್ಲಿ ಈ ಕರುಳಿನ ಜಾಲವನ್ನು ಅದರ ಮೂರನೆಯ ವಿಭಾಗವಾಗಿ ಎಣಿಸಿದ್ದು ಇಂಥ ಸ್ವಾತಂತ್ರ್ಯವನ್ನು ನೋಡಿಯೇ. ಹುಟ್ಟುವಾಗಲೇ ದೊಡ್ಡ ಕರುಳಿನ ಕೊನೆಯ ಭಾಗದಲ್ಲಿ ಈ ನರಕೋಶಗಳಿಲ್ಲದ ಮಕ್ಕಳಿಗೆ ಮಲ ಮುಂದೆ ಸಾಗದೆ ಹೊಟ್ಟೆ ಉಬ್ಬುತ್ತದೆ. ಆ ಭಾಗವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬೇಕಾಗುತ್ತದೆ.

ಸ್ವತಂತ್ರ ಎಂಬಷ್ಟು ಮಾತ್ರ ನಿಜ. ಅದು ಯೋಚಿಸುವುದಿಲ್ಲ, ನೆನಪಿಟ್ಟು ಕೊರಗುವುದಿಲ್ಲ. ಹೊಟ್ಟೆಗೂ ಮೆದುಳಿಗೂ ನಡುವೆ ಹರಿಯುವ ವೇಗಸ್ ನರದಲ್ಲಿ ಹೆಚ್ಚಿನ ಎಳೆಗಳು ಆಜ್ಞೆ ಇಳಿಸುವವಲ್ಲ, ಸುದ್ದಿ ಏರಿಸುವವು ಎಂಬ ಸಂಗತಿ ‘ಎರಡನೇ ಮೆದುಳು’ ಎಂಬ ಅಲಂಕಾರಕ್ಕಿಂತ ಹೆಚ್ಚು ಸ್ವಾರಸ್ಯದ್ದು.

ಕುತ್ತಿಗೆಯಲ್ಲಿ ಮೂಳೆ 7, ನರ 8 ಜೋಡಿ. ಲೆಕ್ಕ ಹೇಗೆ?

ಮೊದಲ ನರ ತಲೆಬುರುಡೆಗೂ ಮೊದಲ ಕಶೇರುಕಕ್ಕೂ ನಡುವೆ ಹೊರಬೀಳುತ್ತದೆ. ಹೀಗೆ ಏಳು ನರಗಳು ತಮ್ಮ ತಮ್ಮ ಕಶೇರುಕದ ಮೇಲಿನಿಂದ ಬಂದಾದ ಮೇಲೆ, ಏಳನೆಯ ಕಶೇರುಕದ ಕೆಳಗೆ ಇನ್ನೊಂದು ನರ ಉಳಿಯುತ್ತದೆ, ಅದೇ ಎಂಟನೆಯದು. ಎದೆಯಿಂದ ಕೆಳಗೆ ಪ್ರತಿ ನರವೂ ತನ್ನ ಸಂಖ್ಯೆಯ ಕಶೇರುಕದ ಕೆಳಗೆ ಹೊರಬರುತ್ತದೆ: ಎದೆಯಲ್ಲಿ 12, ಸೊಂಟದಲ್ಲಿ 5, ಅದರ ಕೆಳಗಿನ ತ್ರಿಕದ ಮೂಳೆಯಲ್ಲಿ 5, ಬಾಲಮೂಳೆಯಲ್ಲಿ 1, ಕುತ್ತಿಗೆಯ 8 ಸೇರಿ ಒಟ್ಟು 31.

ದೃಷ್ಟಿ ನರ ಕಪಾಲ ನರಗಳಲ್ಲಿ ಎರಡನೆಯದು. ಹಾಗಾದ್ರೆ ಅದು ಪರಿಧಿ ನರಮಂಡಲವೇ ತಾನೇ?

ಪಟ್ಟಿಯ ಪ್ರಕಾರ ಹೌದು, ಹುಟ್ಟಿನ ಪ್ರಕಾರ ಅಲ್ಲ. ಭ್ರೂಣದಲ್ಲಿ ಅಕ್ಷಿಪಟಲವೂ ದೃಷ್ಟಿ ನರವೂ ಮುಮ್ಮೆದುಳಿನಿಂದಲೇ ಚಾಚಿಕೊಂಡು ಬೆಳೆಯುತ್ತವೆ. ಮೆದುಳನ್ನು ಸುತ್ತಿದ ಪೊರೆಗಳೇ ಈ ನರವನ್ನೂ ಸುತ್ತಿವೆ. ತಲೆಯೊಳಗೆ ಒತ್ತಡ ಏರಿದಾಗ ವೈದ್ಯರು ಕಣ್ಣಿನೊಳಗೆ ದೀಪ ಹಾಯಿಸಿ ನರದ ತುದಿ ಊದಿದೆಯೇ ಎಂದು ನೋಡುವುದು ಅದಕ್ಕಾಗಿ. ಪರಿಧಿಯ ನರಗಳಿಗೆ ಮಯಲಿನ್ ಹೊದಿಸುವುದು ಶ್ವಾನ್ ಕೋಶಗಳು, ದೃಷ್ಟಿ ನರಕ್ಕೆ ಮೆದುಳಿನಲ್ಲಿರುವಂತೆ ಆಲಿಗೊಡೆಂಡ್ರೊಸೈಟ್‌ಗಳು.

ಈ ವ್ಯತ್ಯಾಸಕ್ಕೆ ಬೆಲೆ ತೆರಬೇಕಾಗುವುದು ಗಾಯವಾದಾಗ. ಮುಂಗೈಯ ನರ ಕತ್ತರಿಸಿಹೋದರೆ ಹೊಲಿಗೆಯ ನಂತರ ಶ್ವಾನ್ ಕೋಶಗಳು ಹಾಕಿಕೊಡುವ ದಾರಿಯಲ್ಲಿ ಎಳೆಗಳು ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಮತ್ತೆ ಬೆಳೆಯಬಲ್ಲವು. ದೃಷ್ಟಿ ನರ ಅಥವಾ ಬೆನ್ನುಹುರಿಯ ಎಳೆಗಳು ಹಾಗೆ ಬೆಳೆಯುವುದಿಲ್ಲ. ಇಡೀ ಕಣ್ಣಿನ ಕಸಿ ಮಾಡಿ ದೃಷ್ಟಿ ಕೊಡಲು ಆಗದಿರುವುದಕ್ಕೂ, ಕಣ್ಣುದಾನದಲ್ಲಿ ಕಾರ್ನಿಯಾವನ್ನಷ್ಟೇ ಬಳಸುವುದಕ್ಕೂ ಇದು ಮುಖ್ಯ ಕಾರಣ.

ನ್ಯೂರಾಲಜಿಸ್ಟ್ ಹತ್ರ ಹೋದ್ರೆ ಸ್ಕ್ಯಾನ್ ಬರೆಯೋ ಮೊದಲು ಸುತ್ತಿಗೇಲಿ ಮಂಡಿ ತಟ್ತಾರೆ, ಹತ್ತಿ ಮುಟ್ಟಿಸ್ತಾರೆ. ಈಗಿನ ಕಾಲದಲ್ಲೂ ಇದೆಲ್ಲ ಬೇಕಾ?

ಬೇಕು, ಏಕೆಂದರೆ ಏನಾಗಿದೆ ಎಂಬುದಕ್ಕಿಂತ ಮೊದಲು ಎಲ್ಲಿ ಆಗಿದೆ ಎಂದು ತಿಳಿಯಬೇಕು. ವಿಭಾಗಗಳ ಪಾಠ ನಿಜಕ್ಕೂ ಕೆಲಸಕ್ಕೆ ಬರುವುದು ಇಲ್ಲಿ. ಎರಡೂ ಕಾಲು ಸೋತು ಬಂದ ಮೂವರನ್ನು ಊಹಿಸಿಕೊಳ್ಳೋಣ. ಮೊದಲನೆಯವರಿಗೆ ಮಂಡಿ ತಟ್ಟಿದರೆ ಕಾಲು ಅತಿಯಾಗಿ ಚಿಮ್ಮುತ್ತದೆ, ಹೊಕ್ಕುಳ ಕೆಳಗೆ ಸ್ಪರ್ಶವಿಲ್ಲ, ಮೂತ್ರ ಕಟ್ಟಿದೆ: ಮೇಲಿನಿಂದ ಬರುವ ಅಂಕುಶ ತಪ್ಪಿದ್ದರಿಂದ ಪರಾವರ್ತಿತ ಕ್ರಿಯೆ ಜೋರಾಗಿದೆ, ತೊಂದರೆ ಎದೆಮಟ್ಟದ ಬೆನ್ನುಹುರಿಯಲ್ಲಿ. ಸೊಂಟದ ಸ್ಕ್ಯಾನ್ ಮಾಡಿಸಿದರೆ ಇವರಲ್ಲಿ ಏನೂ ಕಾಣದು. ಎರಡನೆಯವರಿಗೆ ಬಹುಕಾಲದ ಸಕ್ಕರೆ ಕಾಯಿಲೆ. ಪಾದದಿಂದ ಕಾಲುಚೀಲದಂತೆ ಮರಗಟ್ಟಿದೆ, ಹಿಮ್ಮಡಿಯ ಪರಾವರ್ತಿತ ಕ್ರಿಯೆ ಇಲ್ಲ: ಅತಿ ಉದ್ದದ ಎಳೆಗಳು ಮೊದಲು ಕೆಡುವ ಪರಿಧಿ ನರಗಳ ತೊಂದರೆ. ಮೂರನೆಯವರು ರಾತ್ರಿ ನೆಲದ ಮೇಲೆ ಮಲಗಿದ್ದರು. ಬೆಳಗ್ಗೆ ಹೊಟ್ಟೆನೋವು, ಜೋತುಬಿದ್ದ ರೆಪ್ಪೆಗಳು, ನುಂಗಲು ಕಷ್ಟ, ಆದರೆ ಸ್ಪರ್ಶವೂ ಪ್ರಜ್ಞೆಯೂ ಸರಿಯಾಗಿವೆ: ನರ ಸ್ನಾಯುವನ್ನು ಮುಟ್ಟುವ ಸಂಧಿಯಲ್ಲಿ ತಡೆ. ನಮ್ಮ ಸೀಮೆಯಲ್ಲಿ ಇಂಥವರನ್ನು ಕಂಡರೆ ಗಾಯ ಕಾಣದಿದ್ದರೂ ಕಟ್ಟುಹಾವಿನ ಕಡಿತವನ್ನು ಶಂಕಿಸಬೇಕು, ಉಸಿರಾಟ ಸೋಲುವ ಮೊದಲೇ ಆಸ್ಪತ್ರೆ ಸೇರಿಸಬೇಕು. ಯಾವ ಎಂಆರ್‌ಐ ಯಂತ್ರವೂ ಆ ವಿಷವನ್ನು ತೋರಿಸದು.

ಪ್ಯಾರಾಸಿಂಪಥೆಟಿಕ್ ಅಂದ್ರೆ ಮೆದುಳುಕಾಂಡ ಮತ್ತು ತ್ರಿಕ ಭಾಗದಿಂದ ಹೊರಡೋದು ಅಂತ ಓದಿದ್ದೀವಿ. ಅದು ತಪ್ಪು ಅಂತ ಈಗ ಹೇಳ್ತಿದ್ದಾರಂತೆ?

ವೈದ್ಯಕೀಯ ವಿದ್ಯಾರ್ಥಿಗಳ ಪ್ರಶ್ನೆ. ಮೂರು, ಏಳು, ಒಂಬತ್ತು, ಹತ್ತನೆಯ ಕಪಾಲ ನರಗಳು ಮತ್ತು ತ್ರಿಕದ ಎರಡರಿಂದ ನಾಲ್ಕನೆಯ ನರಗಳ ಎಳೆಗಳು ಪ್ಯಾರಾಸಿಂಪಥೆಟಿಕ್. ಎದೆಯ ಮೊದಲ ನರದಿಂದ ಸೊಂಟದ ಎರಡನೆಯದರವರೆಗಿನವು ಸಿಂಪಥೆಟಿಕ್. ಇದು ಲ್ಯಾಂಗ್ಲಿ ಕಾಲದಿಂದ ಬಂದ ಗೆರೆ. 2016ರಲ್ಲಿ ಫ್ರಾನ್ಸಿನ ಸಂಶೋಧಕರ ಗುಂಪೊಂದು ಇಲಿಯ ಭ್ರೂಣಗಳಲ್ಲಿ ಈ ನರಕೋಶಗಳು ರೂಪುಗೊಳ್ಳುವಾಗ ಯಾವ ಜೀನ್‌ಗಳು ಕೆಲಸ ಮಾಡುತ್ತವೆ ಎಂದು ನೋಡಿ, ತ್ರಿಕದ ಕೋಶಗಳ ಗುರುತುಗಳು ಮೆದುಳುಕಾಂಡದವನ್ನಲ್ಲ, ಎದೆಮಟ್ಟದ ಸಿಂಪಥೆಟಿಕ್ ಕೋಶಗಳನ್ನು ಹೋಲುತ್ತವೆ ಎಂದು ವಾದಿಸಿತು. ಹುಟ್ಟನ್ನು ನೋಡಿ ಜಾತಿ ನಿರ್ಧರಿಸಬೇಕೋ ಕೆಲಸವನ್ನು ನೋಡಿಯೋ ಎಂಬಲ್ಲಿಗೆ ಚರ್ಚೆ ಬಂದು ನಿಂತಿದೆ. ಅನೇಕ ತಜ್ಞರು ಹಳೆಯ ಗೆರೆಯನ್ನು ಬಿಡಲು ಒಪ್ಪಿಲ್ಲ. ಮೂತ್ರಕೋಶವನ್ನು ಖಾಲಿ ಮಾಡಿಸುವ ನರ ಯಾವುದು, ಅದಕ್ಕೆ ಯಾವ ಔಷಧ ನಾಟುತ್ತದೆ ಎಂಬುದು ಎರಡೂ ಪಕ್ಷಕ್ಕೆ ಒಂದೇ ಆಗಿರುವುದರಿಂದ ವಾರ್ಡಿನಲ್ಲಿ ಇದರಿಂದ ಏನೂ ಬದಲಾಗುವುದಿಲ್ಲ. ಪರೀಕ್ಷೆಯಲ್ಲಿ ಸದ್ಯಕ್ಕೆ ಪಠ್ಯದಲ್ಲಿರುವಂತೆಯೇ ಬರೆಯಿರಿ.